ಮೊದಲು ನಿಮ್ಮ ಸಿಬಿಲ್ ತೋರಿಸಿ

ನನ್ನ ಸಾಲದ ಚರಿತ್ರೆ ಬೇಕಂತೆ. ಕೆಲಸಕ್ಕೆ ಸೇರುವಾಗ ಅಲ್ಲ, ಸೇರಿ ತಲೆಕೂದಲು ನರೆತ ಮೇಲೆ. ‘ಕ್ಲೈಂಟ್ ಬ್ಯಾಂಕ್ ಕೇಳ್ತಿದೆ, ಪ್ರಾಜೆಕ್ಟಿನಲ್ಲಿರೋ ಎಲ್ಲರೂ ಶುಕ್ರವಾರದೊಳಗೆ ಸಿಬಿಲ್ ರಿಪೋರ್ಟ್ ಅಪ್‌ಲೋಡ್ ಮಾಡಿ’ ಅಂತ ಎಚ್‌ಆರ್ ಮೇಲ್. ಕೊನೆಗೊಂದು ನಗುವ ಎಮೋಜಿ. ಬಟ್ಟೆ ಬಿಚ್ಚಿ ನಿಲ್ಲು ಅನ್ನುವವರೂ ಇನ್ನು ನಗುನಗುತ್ತಲೇ ಹೇಳುತ್ತಾರೆ.

ಇಷ್ಟು ವರ್ಷ ಇವರ ಕೋಟಿಗಟ್ಟಲೆ ಲೆಕ್ಕ ನನ್ನ ಕಣ್ಣೆದುರೇ ಹಾದುಹೋಗಿದೆ. ಒಂದು ಪೈಸೆ ಆಚೀಚೆ ಆಗಿಲ್ಲ. ಅದರ ದಾಖಲೆ ಇವರ ಕಡತದಲ್ಲೇ ಬಿದ್ದಿದೆ. ಅದು ಬೇಡ. ನನ್ನ ಮುಖ ಕಾಣದ ಮುಂಬೈನ ಕಂಪನಿಯೊಂದು 300ರಿಂದ 900ರ ನಡುವೆ ಹಾಕಿದ ಅಂಕಿ ಬೇಕು. ನನ್ನ ಬೆವರು ಹೇಳದ ಸತ್ಯವನ್ನು ನನ್ನ ಬಾಕಿ ಹೇಳುತ್ತದಂತೆ.

ಹೇಳಲಿ. ಪೂರ್ತಿ ಹೇಳಲಿ ಮತ್ತೆ.

2020ರಲ್ಲಿ ಲಾಕ್‌ಡೌನ್ ನೆಪ ಹೇಳಿ ಇದೇ ಕಂಪನಿ ಸಂಬಳ ಕತ್ತರಿಸಿತು. ‘ನಾವೆಲ್ಲ ಒಂದೇ ಕುಟುಂಬ’ ಅಂತ ಭಾಷಣ ಬೇರೆ. ಮರುವರ್ಷ ಎರಡನೇ ಅಲೆಯಲ್ಲಿ ಅಪ್ಪನಿಗೆ ಉಸಿರು ಕಟ್ಟಿತು. ಅಡ್ವಾನ್ಸ್ ಕಟ್ಟದೆ ಸ್ಟ್ರೆಚರ್ ಒಳಗೆ ಬಿಡಲ್ಲ ಅಂದಿತು ಆಸ್ಪತ್ರೆಯ ಕೌಂಟರ್. ಕ್ರೆಡಿಟ್ ಕಾರ್ಡು ಉಜ್ಜಿದೆ. ಅಪ್ಪ ಉಳಿಯಲಿಲ್ಲ, ಸಾಲ ಉಳಿಯಿತು. ಕಂತು ತಪ್ಪಿದ್ದೇ ತಡ, ವಸೂಲಿ ಹುಡುಗರು ಗಿರಿನಗರಕ್ಕೆ ಬಂದರು. ಸೀತಾ ಸರ್ಕಲ್ ಹತ್ತಿರದ ದಿನಸಿ ಅಂಗಡಿಯಲ್ಲಿ ನಮ್ಮ ಮನೆ ಎಲ್ಲಿ ಅಂತ ಗಟ್ಟಿಯಾಗಿ ಕೇಳಿ, ಯಾಕೆ ಅನ್ನುವುದನ್ನೂ ಗಟ್ಟಿಯಾಗಿಯೇ ಸಾರಿದರು. ಅಮ್ಮ ಆ ಅಂಗಡಿಯ ಮೆಟ್ಟಿಲು ಮತ್ತೆ ಹತ್ತಲಿಲ್ಲ. ಅವಳ ಸರ ಅಡವಿಟ್ಟು, ಬ್ಯಾಂಕು ಒಪ್ಪಿದಷ್ಟನ್ನು ಒಂದೇ ಗಂಟಿನಲ್ಲಿ ಕಟ್ಟಿದೆ. ವರದಿಯಲ್ಲಿ ‘ಸೆಟಲ್ಡ್’ ಅಂತ ಮುದ್ರೆ ಬಿತ್ತು. ಪೂರ್ತಿ ಕೊಡದೆ ಜಾರಿಕೊಂಡವನು ಅನ್ನುವ ಗುರುತು ಅದು, ವರ್ಷಗಟ್ಟಲೆ ಅಳಿಯುವುದಿಲ್ಲ.

ಸಂಬಳ ಕತ್ತರಿಸಿದವರು ಯಾರು ಅನ್ನುವುದಕ್ಕೆ ಆ ವರದಿಯಲ್ಲಿ ಕಾಲಂ ಇಲ್ಲ.

ಅಮ್ಮ ಮೈಸೂರು ರಸ್ತೆಯ ಗಾರ್ಮೆಂಟ್ಸ್‌ನಲ್ಲಿ ಹೊಲಿಗೆ ಹಾಕಿದವಳು. ದಿನಾ ಸಂಜೆ ಗೇಟಿನಲ್ಲಿ ಅವಳ ಮೈ ತಡವಿ, ಊಟದ ಡಬ್ಬಿ ತೆಗೆಸಿ ನೋಡಿ ಹೊರಗೆ ಬಿಡುತ್ತಿದ್ದರು. ಓದಿ ಕುತ್ತಿಗೆಗೆ ಐಡಿ ಕಾರ್ಡ್ ಬಿದ್ದರೆ ಮಗನಿಗೆ ಆ ತಪಾಸಣೆ ತಪ್ಪುತ್ತದೆ ಅಂದುಕೊಂಡಿದ್ದಳು. ಪಾಪ. ಕೈಸಾಲ, ಚೀಟಿ, ಪಕ್ಕದ ಮನೆಯ ಅಕ್ಕನ ಉಂಗುರ, ಎಲ್ಲವನ್ನೂ ಹೊಟ್ಟೆ ಕಟ್ಟಿ ತೀರಿಸಿದ ಹೆಂಗಸು ಅವಳು. ಬ್ಯಾಂಕಿನಲ್ಲಿ ಸಾಲವನ್ನೇ ಮಾಡದವರಿಗೆ ಸಿಬಿಲ್ ಕೊಡುವ ಅಂಕಿ ಗೊತ್ತೇ? ಮೈನಸ್ ಒಂದು.

ಈಗ ಕಾನೂನು ಕೇಳಿ. 2005ರ ಸಾಲ ಮಾಹಿತಿ ಕಂಪನಿಗಳ ಕಾಯ್ದೆಯ ಪ್ರಕಾರ ನನ್ನ ವರದಿಯನ್ನು ತರಿಸಿ ನೋಡುವ ಹಕ್ಕು ಸಾಲ ಕೊಡುವವರಿಗೆ ಇದೆ, ಸಂಬಳ ಕೊಡುವವರಿಗೆ ಅಂತ ಬರೆದಿಲ್ಲ. ಆದ್ದರಿಂದಲೇ ಈ ನಾಟಕ: ನೀನೇ ಇಳಿಸಿಕೋ, ನೀನೇ ಏರಿಸು, ‘ಸ್ವಇಚ್ಛೆಯಿಂದ’ ಅನ್ನುವ ಪೆಟ್ಟಿಗೆಗೆ ಟಿಕ್ ಹಾಕು. ಹಾಕದಿದ್ದರೆ ಪ್ರಾಜೆಕ್ಟಿಲ್ಲ, ಬೆಂಚು. ಬೆಂಚಿನಿಂದ ಬೀದಿ ಎಷ್ಟು ದೂರ ಅಂತ ಈ ಊರಿಗೆ ಹೇಳಿಕೊಡಬೇಕೆ? ಖಾಸಗಿತನ ಮೂಲಭೂತ ಹಕ್ಕು ಅಂತ 2017ರ ಆಗಸ್ಟ್‌ನಲ್ಲಿ ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳು ಒಕ್ಕೊರಲಿನಿಂದ ಹೇಳಿದರು. ಆ ಮೊಕದ್ದಮೆ ಹೂಡಿದವರು ನಮ್ಮ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ, ಇದೇ ಬೆಂಗಳೂರಿನವರು. ಆರು ವರ್ಷ ಕಳೆಯುವಷ್ಟರಲ್ಲಿ ದತ್ತಾಂಶ ರಕ್ಷಣೆಯ ಹೆಸರಲ್ಲೇ ಕಾಯ್ದೆ ಬಂತು. ಮಾಲೀಕನನ್ನು ನಷ್ಟದಿಂದ ಕಾಪಾಡುವುದಕ್ಕಾದರೆ ನೌಕರನ ಒಪ್ಪಿಗೆ ಕೇಳದೆಯೂ ಮಾಹಿತಿ ಬಳಸಬಹುದು ಅಂತ ಅದರ 7ನೇ ಕಲಮು. ಮುಂಬಾಗಿಲಿಗೆ ಬೀಗ, ಹಿತ್ತಲು ಬಾಗಿಲು ತೆರೆದು ಮಾಲೀಕನಿಗೆ ಆರತಿ.

ಬ್ಯಾಂಕುಗಳೇ ಇದಕ್ಕೆ ಗುರು. ಆಡಳಿತಕ್ಕೆ ಅತಿ ಅನ್ನಿಸುವಷ್ಟು ಸಾಲ ಮಾಡುವುದೂ ದುರ್ನಡತೆ ಅಂತ ಬ್ಯಾಂಕ್ ನೌಕರರ 2002ರ ಶಿಸ್ತು ಒಪ್ಪಂದದಲ್ಲೇ ಇದೆ. ಸ್ಟೇಟ್ ಬ್ಯಾಂಕು ಆಯ್ಕೆಯಾದ ಅಭ್ಯರ್ಥಿಯೊಬ್ಬನ ನೇಮಕವನ್ನು ಸಿಬಿಲ್ ನೋಡಿ ರದ್ದು ಮಾಡಿತು. ಸಾಲ ತೀರಿಸಿದ್ದೇನಲ್ಲ ಸ್ವಾಮಿ ಅಂದ ಅವನು. ತೀರಿಸಿದರೆ ಸಾಲದು, ಸುಸ್ತಿಯ ಕಲೆಯೇ ಇರಬಾರದು ಅನ್ನುವ ವಾದವನ್ನು 2025ರ ಜೂನ್‌ನಲ್ಲಿ ಮದ್ರಾಸ್ ಹೈಕೋರ್ಟ್ ಎತ್ತಿಹಿಡಿಯಿತು. ಜನರ ಹಣ ಮುಟ್ಟುವವನಿಗೆ ಹಣದ ಶಿಸ್ತು ಬೇಕಂತೆ.

ಆಹಾ, ಶಿಸ್ತು! ಗಿರಿನಗರದಿಂದ ಬಸವನಗುಡಿ ಎಷ್ಟು ದೂರ? ಅಲ್ಲಿನ ಗುರು ರಾಘವೇಂದ್ರ ಸಹಕಾರ ಬ್ಯಾಂಕಿನಲ್ಲಿ ಪಿಂಚಣಿಯ ಗಂಟು ಇಟ್ಟ ಮುದುಕರು 2020ರ ಜನವರಿಯಲ್ಲಿ ಬಾಗಿಲ ಮುಂದೆ ನಿಂತು ಅತ್ತರು. 35,000 ರೂಪಾಯಿಗಿಂತ ಹೆಚ್ಚು ತೆಗೆಯುವ ಹಾಗಿಲ್ಲ ಅಂದಿತ್ತು ರಿಸರ್ವ್ ಬ್ಯಾಂಕ್. ನಕಲಿ ಸಾಲದ ಖಾತೆಗಳ ಆರೋಪ ಬಂದದ್ದು ಕಂತು ತಪ್ಪಿದ ಗುಮಾಸ್ತನ ಮೇಲಲ್ಲ, ಕುರ್ಚಿಯಲ್ಲಿ ಕೂತವರ ಮೇಲೆ. ವಿಜಯ್ ಮಲ್ಯ ನೆನಪಿದ್ದಾರಾ? ಕರ್ನಾಟಕದ ಶಾಸಕರು ವೋಟು ಹಾಕಿ ಎರಡು ಸಲ ರಾಜ್ಯಸಭೆಗೆ ಕಳಿಸಿದರು. ಯಾವ ಶಾಸಕ ಸ್ಕೋರ್ ಕೇಳಿದ? 2012ರಲ್ಲಿ ಅವರ ಕಿಂಗ್‌ಫಿಷರ್ ವಿಮಾನಗಳು ನೆಲಕ್ಕಿಳಿದಾಗ ಸಿಬ್ಬಂದಿಗೆ ತಿಂಗಳುಗಟ್ಟಲೆ ಸಂಬಳವಿರಲಿಲ್ಲ. ಸಂಬಳ ಬಾರದಿದ್ದರೆ ಕಂತು ತಪ್ಪುತ್ತದೆ, ಕಂತು ತಪ್ಪಿದರೆ ಅಂಕಿ ಬೀಳುತ್ತದೆ, ಬಿದ್ದ ಅಂಕಿ ಹೊತ್ತವನಿಗೆ ಮುಂದಿನ ಕೆಲಸವೂ ಇಲ್ಲ. ಮಾಲೀಕರು 2016ರ ಮಾರ್ಚ್‌ನಲ್ಲಿ ಲಂಡನ್‌ಗೆ ಹಾರಿದರು. 2014-15ರಿಂದ ಒಂಬತ್ತು ವರ್ಷದಲ್ಲಿ ಬ್ಯಾಂಕುಗಳು 14.56 ಲಕ್ಷ ಕೋಟಿ ರೂಪಾಯಿ ಸಾಲವನ್ನು ಪುಸ್ತಕದಿಂದ ತೆಗೆದುಹಾಕಿವೆ ಅಂತ ಸರ್ಕಾರವೇ ಸಂಸತ್ತಿಗೆ ಹೇಳಿತು. ಅರ್ಧಕ್ಕಿಂತ ಹೆಚ್ಚು ದೊಡ್ಡ ಉದ್ದಿಮೆ, ಸೇವಾ ವಲಯದ್ದು. ‘ಅದು ಮನ್ನಾ ಅಲ್ಲ, ತಾಂತ್ರಿಕ ಕ್ರಮ’ ಅಂತ ತಿದ್ದಲು ಬರಬೇಡಿ. ನನ್ನ ಅಪ್ಪನ ಆಮ್ಲಜನಕದ ಬಿಲ್ಲಿಗೆ ಯಾಕೆ ಆ ತಂತ್ರ ಸಿಗಲಿಲ್ಲ?

ಬಂಡವಾಳಶಾಹಿಯ ತವರು ನ್ಯೂಯಾರ್ಕ್ ನಗರವೇ 2015ರಲ್ಲಿ ಬಹುತೇಕ ಕೆಲಸಗಳಿಗೆ ಸಾಲದ ಚರಿತ್ರೆಯ ತಪಾಸಣೆಯನ್ನು ನಿಷೇಧಿಸಿತು. ಅಲ್ಲಿಂದ ಪಿಂಕ್ ಸ್ಲಿಪ್ ಕಲಿತು ಬಂದ ನಮ್ಮವರು ಇದನ್ನು ಮಾತ್ರ ಕಲಿಯಲಿಲ್ಲ.

ಸಂಘ ಕಟ್ಟಲು ನಾಚುವ ನನ್ನ ಐಡಿ ಕಾರ್ಡಿನ ಬಂಧುಗಳೇ, 2016ರ ಏಪ್ರಿಲ್ ನೆನಪಿಸಿಕೊಳ್ಳಿ. 58 ತುಂಬುವವರೆಗೆ ಪಿಎಫ್‌ನಲ್ಲಿ ಮಾಲೀಕರ ಪಾಲು ಮುಟ್ಟುವಂತಿಲ್ಲ ಅಂತ ಕೇಂದ್ರ ನಿಯಮ ತಂದಾಗ, ಮಷೀನು ಬಿಟ್ಟೆದ್ದು ಹೊಸೂರು ರಸ್ತೆಯನ್ನು ತುಂಬಿದವರು ಗಾರ್ಮೆಂಟ್ಸ್ ಹೆಂಗಸರು. ಎರಡೇ ದಿನಕ್ಕೆ ದಿಲ್ಲಿ ಮಣಿಯಿತು. ನಾವೋ, ಎಸಿ ಕೋಣೆಯಲ್ಲಿ ಕೂತು ಪಾಸ್‌ವರ್ಡ್ ಹಾಕಿದ ಪಿಡಿಎಫ್‌ನಲ್ಲಿ ಮಾನ ಕಳಿಸುತ್ತಿದ್ದೇವೆ.

ನಾನು ಕಳಿಸುವುದಿಲ್ಲ. ಲೆಕ್ಕ ಬೇಕಾದರೆ ಎರಡೂ ಕಡೆಯದು ಆಗಲಿ. ಪಿಎಫ್ ಹಣವನ್ನು ಪ್ರತಿ ತಿಂಗಳ 15ರೊಳಗೆ ಕಟ್ಟಿದ ಚಲನ್ ತನ್ನಿ. ಸಣ್ಣ ಉದ್ದಿಮೆಯವರ ಬಿಲ್ಲು 45 ದಿನದೊಳಗೆ ಪಾವತಿಸಿದ ದಾಖಲೆ ತನ್ನಿ. ಕ್ಯಾಬ್ ಓಡಿಸುವ ಅಣ್ಣನಿಗೆ, ನೆಲ ಒರೆಸುವ ಅಕ್ಕನಿಗೆ ಗುತ್ತಿಗೆದಾರ ಎಷ್ಟು ತಿಂಗಳು ಬಾಕಿ ಇಟ್ಟಿದ್ದಾನೆ, ಬರೆಯಿರಿ. 2020ರಲ್ಲಿ ಕತ್ತರಿಸಿದ ನನ್ನ ಸಂಬಳವನ್ನೂ ಸುಸ್ತಿ ಅಂತಲೇ ತೋರಿಸಿ. ಆಮೇಲೆ ನೋಡೋಣ ಯಾರ ಅಂಕಿ ಎಷ್ಟು. ಅಷ್ಟರೊಳಗೆ ಕೆಲಸದಿಂದ ತೆಗೆಯಬೇಕು ಅನ್ನಿಸಿದರೆ ತೆಗೆಯಿರಿ. ಆದರೆ ಕಾರಣವನ್ನು ಕಾಗದದ ಮೇಲೆ ಬರೆದು, ಹೆಸರು ಹಾಕಿ, ಸಹಿ ಮಾಡಿ ಕೊಡಿ.