ಹೊಳೆ ಹುಟ್ಟುವ ಊರಿನವರ ಪ್ರಣಾಳಿಕೆ

ಎಣ್ಣೆ ಶುದ್ಧಾಗಾರ ಇರುವುದು ಮಂಗಳೂರಿನಲ್ಲಿ, ಕಾಫಿ ಬೆಳೆಯುವ ನಮಗೆ ಅದರ ಗೊಡವೆ ಯಾಕೆ ಎಂದು ಕೇಳುವವರಿದ್ದಾರೆ. ಗೊಡವೆ ನೀರಿನದು. ಕುದುರೆಮುಖದ ಸಾಲಿನಲ್ಲಿ ಹುಟ್ಟುವ ನೇತ್ರಾವತಿ, ಚಾರ್ಮಾಡಿಯಿಂದ ಇಳಿದು ಅದನ್ನು ಸೇರುವ ಮೃತ್ಯುಂಜಯ ಹೊಳೆ, ಎರಡೂ ತುಂಬುವುದು ನಮ್ಮ ಗುಡ್ಡಗಳಿಗೆ ಬಿದ್ದ ಮಳೆಯಿಂದ. ಆ ನೀರನ್ನೇ ಶುದ್ಧಾಗಾರ ನಡೆಸುವ ಎಂಆರ್‌ಪಿಎಲ್ ಕಂಪನಿ ಸರಪಾಡಿಯ ಬಳಿ ಎತ್ತಿಕೊಳ್ಳುತ್ತದೆ. ವರ್ಷಕ್ಕೆ 1.5 ಕೋಟಿ ಟನ್ ಕಚ್ಚಾತೈಲ ಸಂಸ್ಕರಿಸಬಲ್ಲ ಈ ಸ್ಥಾವರ 2019ರ ಬೇಸಿಗೆಯಲ್ಲಿ ಹೊಳೆ ಸೊರಗಿದ್ದರಿಂದ ಕೆಲವು ಘಟಕಗಳನ್ನು ನಿಲ್ಲಿಸಬೇಕಾಯಿತು.

ಶುದ್ಧಾಗಾರ ಮುಚ್ಚಿ ಎಂದು ನಾವು ಕೇಳುವುದಿಲ್ಲ. ಕಾಫಿ ಅರಳಿಸುವ ಹೂಮಳೆ ಕೈಕೊಟ್ಟ ವರ್ಷ ಸ್ಪ್ರಿಂಕ್ಲರ್ ಓಡಿಸಲು ಡೀಸೆಲ್ ಕ್ಯಾನ್ ಹಿಡಿದು ಬಂಕಿನ ಮುಂದೆ ನಿಲ್ಲುವವರು ನಾವೇ. ಮುಚ್ಚಿ ಎಂದರೆ ಅದು ಸೋಗಲಾಡಿತನ.

ಕೇಳುವುದು ಇಷ್ಟು. ಫೆಬ್ರವರಿಯಿಂದ ಮುಂಗಾರು ಹಿಡಿಯುವವರೆಗೆ ನೇತ್ರಾವತಿಯ ಒಂದು ಹನಿಯೂ ಶುದ್ಧಾಗಾರಕ್ಕೆ ಹೋಗಬಾರದು. ಆಗದ ಮಾತೇನಲ್ಲ. ಅಲ್ಲಿ ಬಹುಪಾಲು ನೀರು ಕೂಲಿಂಗ್ ಟವರಿನಿಂದ ಆವಿಯಾಗಿ ಹೋಗುತ್ತದೆ. ಅದಕ್ಕೆ ಹೊಳೆಯ ನೀರೇ ಆಗಬೇಕೆಂದಿಲ್ಲ. ನಗರದ ಒಳಚರಂಡಿ ನೀರನ್ನು ಶುದ್ಧೀಕರಿಸಿ ಬಳಸುವುದು ಕಂಪನಿಗೆ ಗೊತ್ತು. ತಣ್ಣೀರುಬಾವಿಯಲ್ಲಿ ಸಮುದ್ರದ ಉಪ್ಪು ತೆಗೆದು ದಿನಕ್ಕೆ 3 ಕೋಟಿ ಲೀಟರ್ ಸಿಹಿನೀರು ಕೊಡಬಲ್ಲ ಘಟಕವನ್ನೂ ಕಟ್ಟಿಕೊಂಡಿದೆ. ಆದರೆ ಉಪ್ಪು ತೆಗೆಯಲು ವಿದ್ಯುತ್ ಬೇಕು. ಅದನ್ನು ಎಣ್ಣೆ, ಕಲ್ಲಿದ್ದಲು ಸುಟ್ಟೇ ಪಡೆದರೆ ಹೊಳೆಗೆ ನೀರು ಉಳಿಸಿ ಆಕಾಶಕ್ಕೆ ಹೊಗೆ ತುಂಬಿದಂತಾಯಿತು. ಏರಿದ ಸೆಕೆಯ ದಂಡವನ್ನು ಕೊನೆಗೆ ನಮ್ಮ ಅರೇಬಿಕಾ ಗಿಡವೇ ತೆರಬೇಕು. ಆ ಘಟಕ ಸೂರ್ಯ, ಗಾಳಿಯ ವಿದ್ಯುತ್ತಿನಿಂದ ನಡೆಯಲಿ. ಮಿಕ್ಕ ಕಡು ಉಪ್ಪುನೀರು ಮೀನುಗಾರರು ಬಲೆ ಬೀಸುವಲ್ಲಿಗೆ ಹೋಗದಿರಲಿ. ನೀರಿನಂತೆ ಗಾಳಿಯ ಮಾತೂ ಇದೆ: ಶುದ್ಧಾಗಾರದ ಕೋಕ್ ಧೂಳಿನ ವಿರುದ್ಧ ನೆರೆಯ ಜೋಕಟ್ಟೆಯವರು ಬೀದಿಗಿಳಿದಿದ್ದನ್ನು ನಾವು ಮರೆತಿಲ್ಲ. ಚಿಮಣಿಯ ಗಂಧಕ, ಧೂಳು, ಫ್ಲೇರಿನಲ್ಲಿ ಉರಿದ ಅನಿಲದ ಲೆಕ್ಕ ಪ್ರತಿದಿನ ಕನ್ನಡದಲ್ಲಿ ಪಂಚಾಯಿತಿ ಫಲಕದ ಮೇಲೆ ಬರಬೇಕು.

ಇನ್ನು ನಮ್ಮ ಪಲ್ಪರ್ ಮನೆಯ ಮಾತು. ಡಿಸೆಂಬರ್, ಜನವರಿಯಲ್ಲಿ ಕಾಫಿ ಹಣ್ಣಿನ ಸಿಪ್ಪೆ ಸುಲಿದ ನೀರು ಹಳ್ಳಕ್ಕೆ ಬಿದ್ದರೆ, ನೀರು ಕಂದು ತಿರುಗಿ, ಹುಳಿನಾತ ಹೊಡೆದು, ಆಮ್ಲಜನಕವಿಲ್ಲದೆ ಮೀನುಗಳು ಮೇಲೆ ತೇಲುತ್ತವೆ. ಕೆಳಗಿನವರಿಗೆ ಬುದ್ಧಿ ಹೇಳುವ ಮೊದಲು ಇದು ನಿಲ್ಲಬೇಕು. ನಮ್ಮ ಈ ಚಳವಳಿಗೆ ಬರುವ ಪ್ರತಿ ತೋಟವೂ ಆ ನೀರನ್ನು ಹೊಂಡದಲ್ಲಿ ನಿಲ್ಲಿಸಿ, ಸುಣ್ಣ ಹಾಕಿ ಹುಳಿ ಮುರಿದು, ಹದಗೊಳಿಸಿ ತೋಟಕ್ಕೇ ಬಳಸಬೇಕು. ಒಪ್ಪದವರಿಗೆ ಸದಸ್ಯತ್ವವಿಲ್ಲ, ಎಷ್ಟು ನೂರು ಎಕರೆಯ ಧಣಿಯಾದರೂ.

ಕಂಪನಿಯ ಎದುರು ಬೆಟ್ಟದವರ ಮಾತು ನಡೆಯುತ್ತದೆಯೇ ಎನ್ನುವವರು ಕುದುರೆಮುಖವನ್ನು ನೆನೆಯಲಿ. ಅಲ್ಲಿನ ಗಣಿಯ ಹೂಳು ಭದ್ರಾ ಹೊಳೆಗಿಳಿಯುತ್ತಿತ್ತು, ಅದಿರು ಕೊಳವೆಯಲ್ಲಿ ಮಂಗಳೂರಿಗೆ ಹರಿಯುತ್ತಿತ್ತು. ಜನ ಹೋರಾಡಿದರು. ಸುಪ್ರೀಂ ಕೋರ್ಟ್ ಆದೇಶದಂತೆ 2005ರ ಕೊನೆಗೆ ಗಣಿಗಾರಿಕೆ ನಿಂತಿತು.

ಕಳಸ, ಬಣಕಲ್, ಕೊಟ್ಟಿಗೆಹಾರದ ಬೆಳೆಗಾರರೇ, ಲೈನ್ ಮನೆಗಳ ಕಾರ್ಮಿಕರೇ, ಘಟ್ಟದ ಕೆಳಗಿನ ಬೆಳ್ತಂಗಡಿ, ಬಂಟ್ವಾಳದ ರೈತರೇ, ಮುಂದಿನ ಗ್ರಾಮಸಭೆಯಲ್ಲಿ ಈ ಬೇಡಿಕೆಗಳನ್ನು ನಿರ್ಣಯವಾಗಿ ಬರೆಸಿ, ಒಂದು ಪ್ರತಿಯನ್ನು ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಗೆ ಕಳಿಸಿ.