ಚೆಂಡಿನ ಮೇಲಣ ಹಸ್ತಾಕ್ಷರ

ವಾಸ್ಕೋದ ಓದುಗರೊಬ್ಬರು ತಮ್ಮ ಮಗನ ವಿಷಯವಾಗಿ ಈ ಅಂಕಣಕ್ಕೆ ಪತ್ರ ಬರೆದಿದ್ದಾರೆ. ನಿವೃತ್ತ ಕ್ರಿಕೆಟ್ ಆಟಗಾರರಿಗೆ ಅಂಚೆಯಲ್ಲಿ ಚೆಂಡು ಕಳುಹಿಸಿ ಹಸ್ತಾಕ್ಷರ ಪಡೆಯಬೇಕೆಂದು ಹುಡುಗ ಹಟ ಹಿಡಿದಿರುವನಂತೆ. “ಇದು ದುಡ್ಡು ಪೋಲು ಮಾಡುವ ಚಟವಲ್ಲವೇ, ಮಾಸ್ತರರೇ?” ಎಂಬುದು ಅವರ ಪ್ರಶ್ನೆ. ಚಟವೆನ್ನಲು ನನ್ನ ಮನಸ್ಸು ಒಪ್ಪದು. ಆದರೆ ಕಳುಹಿಸಬೇಕಾದುದು ಚೆಂಡನ್ನೇ ಎಂಬುದರಲ್ಲಿ ಮಾತ್ರ ನನಗೆ ಅನುಮಾನವಿದೆ.

ಈ ಹವ್ಯಾಸದ ತವರು ಅಮೆರಿಕ. ಅಲ್ಲಿಯ ಬೇಸ್‌ಬಾಲ್ ಚೆಂಡಿಗೆ ಬಿಳಿಯ ತೊಗಲಿನ ಹೊದಿಕೆ, ಅದರ ಮೇಲೆ ಕೆಂಪು ದಾರದ 108 ಜೋಡಿ ಹೊಲಿಗೆ (ನಮ್ಮ ಜಪಮಾಲೆಯ ಸಂಖ್ಯೆ!). ಹೊಲಿಗೆಗಳೆರಡು ಸಮೀಪಿಸುವ ಕಡೆ ಉಳಿಯುವ ನಯವಾದ ಬಿಳಿಯ ಜಾಗವೇ ಸಹಿಗೆ ಪ್ರಶಸ್ತ ಸ್ಥಾನ. ಅಭಿಮಾನಿಗಳು ಚೆಂಡಿನೊಡನೆ ಮರುಟಪಾಲಿನ ವೆಚ್ಚವನ್ನೂ ವಿಳಾಸವನ್ನೂ ಇಟ್ಟು ಹಳೆಯ ಆಟಗಾರರಿಗೂ ಅಂಪೈರರಿಗೂ ಕಳುಹಿಸುತ್ತಾರೆ. ನಮ್ಮ ಕೆಂಪು ಕ್ರಿಕೆಟ್ ಚೆಂಡಿನ ಹೊಳಪಿನ ಮೇಲೆ ಮಸಿ ಸರಿಯಾಗಿ ಕೂಡದು. ಬಿಳಿಯ ಚೆಂಡಾದರೆ ಬಾಲ್‌ಪೆನ್ನು ಮೇಲು. ದಪ್ಪ ಮಾರ್ಕರಿನ ಮಸಿ ಕಾಲಕ್ರಮೇಣ ತೊಗಲಿನಲ್ಲಿ ಹರಡಿಬಿಡುತ್ತದೆ. ಬಿಸಿಲಿಗಿಟ್ಟರೆ ಅಕ್ಷರ ಮಾಸುವುದು. ಗೋವೆಯ ಮಳೆಗಾಲದಲ್ಲಿ ತೊಗಲಿಗೆ ಬೂಸಲು ಹಿಡಿಯದೆ ಬಿಡದು.

ಹಣದ ಆಸೆ ಸೇರಿತೆಂದರೆ ಮೋಸವೂ ಬೆನ್ನಿಗೇ ಬರುತ್ತದೆ. 1990ರ ದಶಕದ ಕೊನೆಯಲ್ಲಿ ಅಮೆರಿಕದ ಕೇಂದ್ರ ತನಿಖಾ ದಳವು ಖೋಟಾ ಸಹಿಗಳ ಜಾಲವೊಂದನ್ನು ಭೇದಿಸಿದಾಗ ಮದರ್ ತೆರೇಸಾ ಅವರ ಸಹಿಯುಳ್ಳ ಬೇಸ್‌ಬಾಲ್ ಚೆಂಡುಗಳೂ ಸಿಕ್ಕವು! ಕೊಳ್ಳುವವರೂ ಇದ್ದರೆಂಬುದೇ ಸೋಜಿಗ.

ಆದುದರಿಂದ ನಾನು ಹೇಳುವುದು: ಚೆಂಡಿನ ಬದಲು ಕಾಗದ ಬರೆಯಿಸಿರಿ. ವಯಸ್ಸಾದವರು ಪೊಟ್ಟಣ ಕಟ್ಟಿ ಅಂಚೆ ಕಚೇರಿಯ ಸಾಲಿನಲ್ಲಿ ನಿಲ್ಲುವಂತಾಗಬಾರದು. ಅಲ್ಲದೆ, ಕಾಗದದಲ್ಲಿ ಪ್ರಶ್ನೆ ಕೇಳಬಹುದು. 1980ರ ಫೆಬ್ರವರಿಯಲ್ಲಿ ಮುಂಬಯಿಯ ಸುವರ್ಣ ಮಹೋತ್ಸವ ಟೆಸ್ಟಿನಲ್ಲಿ ಇಂಗ್ಲೆಂಡಿನ ಬಾಬ್ ಟೇಲರ್ ಔಟೆಂದು ಅಂಪೈರ್ ಹನುಮಂತರಾವ್ ಬೆರಳೆತ್ತಿದ್ದರು. ಚೆಂಡು ಬ್ಯಾಟಿಗೆ ತಾಗಿಲ್ಲವೆಂದು ಮನಗಂಡ ನಾಯಕ, ಭದ್ರಾವತಿಯ ಜಿ.ಆರ್. ವಿಶ್ವನಾಥ್, ಟೇಲರನ್ನು ಮರಳಿ ಕರೆದರು. ಅದಾಗಲೇ ಐದು ವಿಕೆಟ್ ಕಳೆದುಕೊಂಡಿದ್ದ ಇಂಗ್ಲೆಂಡಿಗೆ ಟೇಲರ್–ಬೋಥಮ್ ಜೊತೆಯಾಟ 171 ಓಟಗಳನ್ನು ತಂದಿತು; ಭಾರತ ಹತ್ತು ವಿಕೆಟ್‌ಗಳಿಂದ ಸೋತಿತು. ವಿಶ್ವನಾಥರ ಔದಾರ್ಯವನ್ನು ಎಲ್ಲರೂ ಕೊಂಡಾಡಿದರು. ತನ್ನ ತೀರ್ಪು ತುಂಬಿದ ಮೈದಾನದಲ್ಲಿ ಹಿಂದಿರುಗಿದಾಗ ಅಂಪೈರನ ಮನಸ್ಸಿನಲ್ಲಿ ಏನಾಗುವುದು? 1999ರಲ್ಲಿ ದೆಹಲಿಯಲ್ಲಿ ಕುಂಬ್ಳೆ ಒಂದೇ ಇನಿಂಗ್ಸಿನಲ್ಲಿ ಹತ್ತು ವಿಕೆಟ್ ಕಿತ್ತಾಗಲೂ ಒಬ್ಬ ಅಂಪೈರ್ ಕನ್ನಡಿಗರೇ, ಎ.ವಿ. ಜಯಪ್ರಕಾಶ್, ಅವರ ಹೆಸರು ಎಷ್ಟು ಮಕ್ಕಳಿಗೆ ಗೊತ್ತು?

ನಮ್ಮ ಶಾಲೆಯ ಏಳನೆಯ ತರಗತಿಯ ಹುಡುಗನೊಬ್ಬ ನಿವೃತ್ತ ಅಂಪೈರರೊಬ್ಬರಿಗೆ ಇಂಥದೇ ಪ್ರಶ್ನೆ ಕೇಳಿದ. ತಂದೆ ವಿಜಯಪುರದ ಕಡೆಯಿಂದ ಗಾರೆ ಕೆಲಸಕ್ಕೆ ಬಂದವರು. ಹುಡುಗ ಅದುವರೆಗೆ ಕನ್ನಡದಲ್ಲಿ ಯಾರಿಗೂ ಕಾಗದ ಬರೆದವನಲ್ಲ. ‘ತೀರ್ಥರೂಪ’ಕ್ಕೂ ‘ಮಾನ್ಯರೇ’ಗೂ ಭೇದವರಿಯದೆ ನಾಲ್ಕು ಸಲ ತಿದ್ದಿ ಬರೆದ. ಎರಡು ತಿಂಗಳಿಗೆ ಉತ್ತರ ಬಂತು. ಆ ರಾತ್ರಿ ನಿದ್ದೆ ಬರಲಿಲ್ಲವೆಂದೂ, ಮರುದಿನ ಬೆಳಿಗ್ಗೆ ಮತ್ತೆ ಅದೇ ಜಾಗದಲ್ಲಿ ನಿಂತೆನೆಂದೂ ಹಿರಿಯರು ಕನ್ನಡದಲ್ಲಿಯೇ ಬರೆದಿದ್ದರು. ಕೆಳಗೆ ಸಹಿ. ಹುಡುಗನ ತಾಯಿ ಅದನ್ನು ರೇಷನ್ ಕಾರ್ಡಿನ ಜೊತೆಗೆ ಟ್ರಂಕಿನಲ್ಲಿ ಇಟ್ಟಿದ್ದಾರೆ.

ಗೋವೆಯಲ್ಲಿ ಬೆಳೆಯುವ ಮಕ್ಕಳಿಗೆ ಫುಟ್‌ಬಾಲಿನ ಹಿರಿಯರು ಇನ್ನೂ ಹತ್ತಿರದವರು. ಭಾರತದ ನಾಯಕರಾಗಿದ್ದ ಗೋಲ್‌ಕೀಪರ್ ಬ್ರಹ್ಮಾನಂದ ಸಂಖ್ವಾಳಕರರನ್ನು ಇಲ್ಲಿ ಅರಿಯದವರಿಲ್ಲ. ಇಲ್ಲಿಯ ಹಿರಿಯರಿಗೆ ಬರೆಯುವಾಗ ಕೊಂಕಣಿಯಲ್ಲಿ ಬರೆಯಲಿ. ನೆರೆಯವರ ಮಾತು ಕಲಿತಂತೆಯೂ ಆಯಿತು.

ಕಾಗದವು ಒಂದು ಪುಟ ಮೀರದಿರಲಿ. ಆಟಗಾರರ ಸಂಘದ ಮುಖಾಂತರವೇ ಕಳುಹಿಸಿರಿ, ಮನೆಯ ವಿಳಾಸ ಕೆದಕುವುದು ಸಭ್ಯತೆಯಲ್ಲ. ಅಂಚೆಚೀಟಿ ಹಚ್ಚಿ, ಪಿನ್‌ಕೋಡ್ ಸಹಿತ ಸ್ವವಿಳಾಸ ಬರೆದ ಲಕೋಟೆಯನ್ನೂ, ಸಹಿಗೆ ಒಂದೇ ಒಂದು ಬಿಳಿಯ ಕಾರ್ಡನ್ನೂ ಇಡಿರಿ. ಮೂರು ತಿಂಗಳು ಕಳೆದರೂ ಉತ್ತರ ಬಾರದಿದ್ದರೆ ಮತ್ತೆ ಪೀಡಿಸದೆ ಬೇರೊಬ್ಬರಿಗೆ ಬರೆಯಿರಿ.