ತುಕ್ಕು ಇತಿಹಾಸವಲ್ಲ

ಸುರಪುರದ ರಾಜಾ ವೆಂಕಟಪ್ಪ ನಾಯಕರನ್ನು ಕುರಿತ ನಾಟಕವೊಂದನ್ನು ಕಲಬುರಗಿಯ ನಮ್ಮ ವಿದ್ಯಾರ್ಥಿಗಳು ಸಿದ್ಧಪಡಿಸುತ್ತಿದ್ದರು. ಕೊನೆಯ ದೃಶ್ಯಕ್ಕೆ ರಿವಾಲ್ವರ್ ಬೇಕಿತ್ತು. ಗುಂಡು ಹಾರದ ಲೋಹದ ಪ್ರತಿಕೃತಿಯೊಂದನ್ನು ತರಿಸಿದರು, ಅದು ಥಳಥಳಿಸುತ್ತಿತ್ತು. ಕಮಲಾಪುರದ ವಿದ್ಯಾರ್ಥಿಯೊಬ್ಬ, "ಸರ್, ನಮ್ಮ ಕೆಂಪು ಬಾಳೆಯ ತೋಟದ ಹಸಿಮಣ್ಣಿನಲ್ಲಿ ಹದಿನೈದು ದಿನ ಹೂಳಿಟ್ಟರೆ ನೂರೈವತ್ತು ವರ್ಷದ್ದರಂತೆ ಕಾಣುತ್ತದೆ" ಎಂದ. ಅವನ ಉತ್ಸಾಹ ಮೆಚ್ಚತಕ್ಕದ್ದೇ. ಆದರೆ ಅದರ ಹಿಂದಿರುವ ನಂಬಿಕೆ ವಿಚಾರಾರ್ಹವಾದುದು.

1858ರಲ್ಲಿ ಸುರಪುರ ಬ್ರಿಟಿಷರ ವಿರುದ್ಧ ಸಿಡಿದೆದ್ದು ಸೋತಿತು. ಸೆರೆಮನೆವಾಸಕ್ಕೆಂದು ತರುಣ ರಾಜರನ್ನು ಚೆಂಗಲ್ಪಟ್ಟಿನ ಕಡೆಗೆ ಕರೆದೊಯ್ಯುವಾಗ, ದಾರಿಯ ಬಿಡಾರದಲ್ಲಿ ಕಾವಲಿನ ಅಧಿಕಾರಿ ಕುರ್ಚಿಗೆ ತೂಗುಹಾಕಿದ್ದ ರಿವಾಲ್ವರಿನ ಗುಂಡಿಗೆ ಅವರು ಮಡಿದರೆಂದು ಮೆಡೋಸ್ ಟೇಲರ್ ತನ್ನ ಆತ್ಮಕಥನದಲ್ಲಿ ಬರೆದಿದ್ದಾನೆ. ಅದು ಪ್ರಕಟವಾದದ್ದು 1877ರಲ್ಲಿ.

ಆ ರಿವಾಲ್ವರ್ ಅಂದು ಪುರಾತನ ವಸ್ತುವಾಗಿರಲಿಲ್ಲ ಎಂಬುದನ್ನು ನಾವು ಮರೆಯುತ್ತೇವೆ. ಆಗಿನ ಬ್ರಿಟಿಷ್ ಅಧಿಕಾರಿಗಳಲ್ಲಿ ಬಳಕೆಯಲ್ಲಿದ್ದ ಕೋಲ್ಟ್ ನೇವಿ ಮತ್ತು ಆಡಮ್ಸ್ ಮಾದರಿಗಳೆರಡೂ 1851ರವು. ಕಾಲಕ್ಕೆ ತೀರ ಹೊಸವು. ಅಧಿಕಾರಿಯಾದವನು ಅವುಗಳನ್ನು ಎಣ್ಣೆ ಸವರಿ ಜೋಪಾನ ಮಾಡುತ್ತಿದ್ದ. ಆದ್ದರಿಂದ ತುಕ್ಕು ಹಿಡಿಸಿದ ಆಯುಧವು ರಂಗದ ಮೇಲೆ 1858ನ್ನು ತೋರಿಸುವುದಿಲ್ಲ. ಅಲ್ಲಿಂದೀಚೆಗೆ ಸಂದ ಕಾಲವನ್ನು ಮಾತ್ರ ತೋರಿಸುತ್ತದೆ. ನೈಜತೆಯನ್ನು ಹುಡುಕಬೇಕಾದದ್ದು ರಚನೆಯಲ್ಲಿ. ಆ ರಿವಾಲ್ವರುಗಳಿಗೆ ಹಿತ್ತಾಳೆಯ ತೋಟಾ ಇರಲಿಲ್ಲ. ಉರುಳೆಯ ಪ್ರತಿಯೊಂದು ಕುಳಿಗೂ ಮುಂಬದಿಯಿಂದ ಮದ್ದು ಮತ್ತು ಸೀಸದ ಗುಂಡನ್ನು ತುಂಬಿ, ಹಿಂಬದಿಗೆ ಕಿಡಿ ಕೊಡುವ ಪುಟ್ಟ ತಾಮ್ರದ ಟೊಪ್ಪಿಗೆಯನ್ನು ತೊಡಿಸಬೇಕಿತ್ತು. ನಮ್ಮ ಹುಡುಗರು ತಂದದ್ದು ತೋಟಾ ತುಂಬುವ, ನಂತರದ ಕಾಲದ ಮಾದರಿ. ಎಷ್ಟು ದಿನ ಹೂಳಿಟ್ಟರೂ ಆ ತಪ್ಪು ಮಣ್ಣಾಗದು.

ಪ್ರತಿ ಮಾಡುವುದು ದೋಷವಲ್ಲ. ಅತ್ತಿಮಬ್ಬೆ ಪೊನ್ನನ ಶಾಂತಿಪುರಾಣಕ್ಕೆ ಸಾವಿರ ಪ್ರತಿಗಳನ್ನು ಮಾಡಿಸಿದಳು. ನಾಡು ಅದನ್ನು ದಾನವೆಂದು ಕೊಂಡಾಡಿತು. ಓಲೆಯ ಕೊನೆಯಲ್ಲಿ ತನ್ನ ಹೆಸರನ್ನೂ ಬರೆದ ಸಂವತ್ಸರವನ್ನೂ ಕಾಣಿಸಿದ ಲಿಪಿಕಾರರು ಎಷ್ಟೋ ಮಂದಿ. ಅವರ ಪ್ರತಿ ತಾನು ಪ್ರತಿಯೆಂದೇ ಹೇಳಿಕೊಳ್ಳುತ್ತಿತ್ತು. ದೋಷವಿರುವುದು ಪ್ರತಿಯನ್ನು ಮೂಲವೆಂದು ನಂಬಿಸುವುದರಲ್ಲಿ. ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯವು ಅಚೌರ್ಯವ್ರತದ ಐದು ಅತಿಚಾರಗಳಲ್ಲಿ 'ಪ್ರತಿರೂಪಕ ವ್ಯವಹಾರ'ವನ್ನೂ ಎಣಿಸಿದೆ. ನಕಲನ್ನು ಅಸಲೆಂದು ಸಾಗಿಸುವುದು ಕಳ್ಳತನದ ಬಳಗಕ್ಕೇ ಸೇರಿತು.

ಇದು ಬರಿಯ ನಾಟಕದ ಸಾಮಗ್ರಿಯಲ್ಲವೇ ಎಂದು ಕೇಳಬಹುದು. ಆದರೆ ನಾಟಕ ಮುಗಿದ ಮೇಲೆ ಅದು ಕಾಲೇಜಿನ ಕಪಾಟನ್ನು ಸೇರುತ್ತದೆ. ಹತ್ತು ವರ್ಷ ಕಳೆದರೆ ಅದನ್ನು ತಂದವರು ಯಾರೂ ಅಲ್ಲಿರುವುದಿಲ್ಲ. ತುಕ್ಕು ಮಾತ್ರ ಇರುತ್ತದೆ. ಆಗ ಯಾರೋ ಒಬ್ಬರು "ಇದೇ ರಾಜರ ಪ್ರಾಣ ತೆಗೆದ ಪಿಸ್ತೂಲು" ಎಂದರೆ ಅಲ್ಲಗಳೆಯುವವರು ಯಾರು? ಟೇಲರ್ ಕೂಡ ಆ ಸಾವನ್ನು ಕಣ್ಣಾರೆ ಕಂಡವನಲ್ಲ. ಅಂಥ ಸಾವಿಗೆ ಸುಳ್ಳು ಸಾಕ್ಷಿಯೊಂದನ್ನು ನಾವೇ ಹುಟ್ಟುಹಾಕಿದಂತಾಗುತ್ತದೆ.

ಆದುದರಿಂದ ನಾನು ವಿದ್ಯಾರ್ಥಿಗಳಿಗೆ ಹೇಳಿದ್ದಿಷ್ಟೆ: ಮಾದರಿಯನ್ನು ಬದಲಿಸಿ, ಹೊಳಪನ್ನು ಹಾಗೆಯೇ ಬಿಡಿ, ಹಿಡಿಯ ಅಡಿಯಲ್ಲಿ ಈ ವರ್ಷದ ಇಸವಿಯನ್ನು ಕೆತ್ತಿಸಿ. ಪ್ರೇಕ್ಷಕರಿಗೆ ಅದು ಕಾಣುವುದಿಲ್ಲ. ನಾಳೆ ಕಪಾಟು ತೆರೆಯುವವರಿಗೆ ಕಾಣುತ್ತದೆ.